ಕೊಡೆ, ಬ್ಯಾಗು ಹಂಚುವವರು ಒಮ್ಮೆ ಕೋವಳಂಗೆ ಹೋಗಿ ಬನ್ನಿ

"ಮಾಷ್ಟ್ರುಗಳು ಬೀಚು ಸುತ್ತಲಿಕ್ಕೆ ಹೋಗಿದ್ದರಂತೆ!" ಎಂಬ ಮಾತು ನಮ್ಮೂರ ಬಸ್‌ಸ್ಟಾಪಿನಲ್ಲಿ ಹುಟ್ಟಿ, ಹೋಟೆಲಿನ ಬೆಂಚಿನಲ್ಲಿ ಬೆಳೆದು, ಕಡೆಗೆ ಪಿ.ಟಿ.ಎ. ಸಭೆಯ ತನಕ ಬಂತು. ಹೌದು, ಹೋಗಿದ್ದೆವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ನಾವು ನಾಲ್ವರು, ಇಬ್ಬರು ಮಾಷ್ಟ್ರುಗಳು, ಇಬ್ಬರು ಟೀಚರುಗಳು, ಕಳೆದ ನವೆಂಬರಿನಲ್ಲಿ ಎರಡು ದಿನ ಕೋವಳಂನಲ್ಲಿ ಇದ್ದೆವು. ಕಡಲು ನೋಡಿದೆವು, ಮೀನು ತಿಂದೆವು, ನಮ್ಮಲ್ಲೊಬ್ಬರು ತೆರೆಯ ಮೇಲೆ ಹಲಗೆ ಹತ್ತಿ ನಿಂತದ್ದೂ ಉಂಟು. ಇದರಲ್ಲಿ ನಾಚಿಕೆಪಡುವಂಥದ್ದು ನಮಗೆ ಏನೂ ಕಾಣುವುದಿಲ್ಲ. ನಾಚಿಕೆಯ ಸಂಗತಿ ಬೇರೆಯೇ ಇದೆ, ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇವೆ.

ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಅಲ್ಲ ಮಾಷ್ಟ್ರೇ, ಕಡಲಿನ ಹತ್ತಿರ ಹೋಗಬೇಡಿ ಅಂತ ಮಕ್ಕಳಿಗೆ ಹೇಳಬೇಕಾದವರು ನೀವು. ನೀವೇ ಬೀಚು, ಸರ್ಫಿಂಗು ಅಂತ ಹೊರಟರೆ ಶಾಲೆಗೆ ಮಕ್ಕಳು ಬರುವುದುಂಟಾ?" ಉಂಟು. ಹಾಗೆ ಹೊರಟರೇ ಬರುವುದು! ಇದು ತಮಾಷೆಗೆ ಹೇಳಿದ ಮಾತಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ಖರ್ಚಿನ ಲೆಕ್ಕ ಕೊಟ್ಟುಬಿಡುತ್ತೇವೆ, ಯಾಕೆಂದರೆ "ಇವರಿಗೆ ಸಂಬಳ ಹೆಚ್ಚಾಯಿತು" ಎಂದವರೂ ಇದ್ದಾರೆ. ನಮ್ಮಲ್ಲಿ ಇಬ್ಬರು ದಿನಗೂಲಿ ಅಧ್ಯಾಪಕರು, ಅವರ ಸಂಬಳ ಎಷ್ಟು, ಅದು ಯಾವಾಗ ಕೈಗೆ ಬರುತ್ತದೆ ಎಂಬುದು ಓದುಗರಿಗೆ ಗೊತ್ತಿದ್ದದ್ದೇ. ನಾವು ಹೋದದ್ದು ಮನವಿ ಕೊಡಲಿಕ್ಕೆ. ಕನ್ನಡ ಮಕ್ಕಳ ತರಗತಿಗೆ ಕನ್ನಡ ಬಲ್ಲವರನ್ನೇ ನೇಮಿಸಿ ಎಂಬ ಅದೇ ಹಳೆಯ ಮನವಿ. ರಾತ್ರಿ ಇಡೀ ಸ್ಲೀಪರ್ ಡಬ್ಬಿಯಲ್ಲಿ ಕೂತು, ಮಲಗಿ, ಐನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಶುಕ್ರವಾರ ಬೆಳಿಗ್ಗೆ ತಿರುವನಂತಪುರದಲ್ಲಿ ಇಳಿದರೆ, ಕಛೇರಿಯಲ್ಲಿ ಸಿಕ್ಕ ಉತ್ತರ "ಸೋಮವಾರ ಬನ್ನಿ". ಊರಿಗೆ ಹೋಗಿ ಮತ್ತೆ ಬರುವುದು ಆಗದ ಮಾತು. ಪೇಟೆಯ ಲಾಡ್ಜಿನಲ್ಲಿ ಕೇಳಿದ ಬಾಡಿಗೆ ನಮ್ಮ ಕಿಸೆಗೆ ಹಿಡಿಸಲಿಲ್ಲ. ಅಲ್ಲಿಯ ಟೀ ಅಂಗಡಿಯವರೇ ಹೇಳಿದ್ದು, ಕಿಳಕ್ಕೇಕೋಟೆಯಿಂದ ಕೋವಳಂಗೆ ಬಸ್ಸಿದೆ, ಅಲ್ಲಿ ಹಿಂದಿನ ಓಣಿಗಳಲ್ಲಿ ಕಡಿಮೆಗೆ ಕೋಣೆ ಸಿಗುತ್ತದೆ ಎಂದು. ಸಿಕ್ಕಿತು. ಎರಡು ಕೋಣೆ, ಒಂದಕ್ಕೆ ದಿನಕ್ಕೆ ಒಂಬೈನೂರು ರೂಪಾಯಿ. ಫ್ಯಾನಿಗೆ ಶಬ್ದ ಜಾಸ್ತಿ, ಗಾಳಿ ಕಡಿಮೆ. ಬೆಳಿಗ್ಗೆ ಪುಟ್ಟು-ಕಡಲೆ, ಮಧ್ಯಾಹ್ನ ಮರಗೆಣಸು ಮತ್ತು ಮೀನು ಸಾರು. ಲೆಕ್ಕ ಮುಗಿಯಿತು.

ಇನ್ನು ಊರಿನ ವಿಷಯ. ಕೋವಳಂ ಎಂದರೆ "ಗಡಿಬಿಡಿ ಇಲ್ಲದ ಊರು, ಕಾಲು ಚಾಚಿ ಕೂರುವ ಊರು" ಎಂದು ಪ್ರವಾಸದ ಪುಸ್ತಕಗಳು ಬರೆಯುತ್ತವೆ. ಬಸ್ಸಿಳಿದು ಇಳಿಜಾರು ದಾರಿಯಲ್ಲಿ ಹೋದರೆ ಕಡಲು ಅರ್ಧಚಂದ್ರದ ಹಾಗೆ ಒಳಗೆ ಬಂದಿದೆ, ನಡುವೆ ಕಲ್ಲಿನ ಮೂತಿ, ಆಚೆ ಕಡೆ ದಿಣ್ಣೆಯ ಮೇಲೆ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. 1972ರಲ್ಲಿ ಉರಿಯಲಿಕ್ಕೆ ಶುರುವಾದದ್ದು. ಅದರಿಂದಲೇ ಆ ದಡಕ್ಕೆ ಲೈಟ್‌ಹೌಸ್ ಬೀಚ್ ಎಂದು ಹೆಸರು. 1930ರ ದಶಕದಲ್ಲಿ ತಿರುವಾಂಕೂರಿನ ರಾಜಮನೆತನದವರು ಇಲ್ಲಿ ದಿಣ್ಣೆಯ ಮೇಲೆ ಅರಮನೆ ಕಟ್ಟಿಕೊಂಡರು. 1970ರ ದಶಕದಲ್ಲಿ ಸರಕಾರವೇ ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿಯ ಕೈಯಿಂದ ಹೋಟೆಲು ಕಟ್ಟಿಸಿತು, ಆಮೇಲೆ ಅದು ಖಾಸಗಿಯವರ ಕೈ ಸೇರಿತು. ಆದರೆ ಊರನ್ನು ಊರಾಗಿ ಮಾಡಿದವರು ಅರಮನೆಯವರೂ ಅಲ್ಲ, ದೊಡ್ಡ ಹೋಟೆಲಿನವರೂ ಅಲ್ಲ. ಅದೇ ಎಪ್ಪತ್ತರ ದಶಕದಲ್ಲಿ ಉದ್ದ ಕೂದಲು ಬಿಟ್ಟು, ಚೀಲ ಹೊತ್ತು, ಜೇಬಿನಲ್ಲಿ ನಾಲ್ಕು ಕಾಸು ಇಟ್ಟುಕೊಂಡು ಬಂದ ಹಿಪ್ಪಿಗಳು. ಅವರು ಉಳಿದದ್ದು ದಡದ ಜನರ ಮನೆಗಳಲ್ಲಿ, ತಿಂದದ್ದು ಅವರ ಅಡಿಗೆ. ಅವರ ನಡತೆಯನ್ನು ನಾವು ಹೊಗಳುತ್ತಿಲ್ಲ. ದುಡ್ಡು ಯಾರ ಕೈಗೆ ಹೋಯಿತು ಎಂಬುದನ್ನಷ್ಟೇ ಹೇಳುತ್ತಿದ್ದೇವೆ. ನಮ್ಮ ಬೇಕಲದಲ್ಲಿ 1995ರಲ್ಲಿ ನಿಗಮ ಮಾಡಿ, ಜಾಗ ವಶಪಡಿಸಿ, ಐಷಾರಾಮಿ ರೆಸಾರ್ಟುಗಳಿಗೆ ಕೊಟ್ಟರು. ಅವುಗಳ ಕಂಪೌಂಡಿನ ಒಳಗೆ ನಮ್ಮ ಶಾಲೆಯ ಎಷ್ಟು ಮಕ್ಕಳು ಕಾಲಿಟ್ಟಿದ್ದಾರೆ, ಲೆಕ್ಕ ಹಾಕಿ. ಒಂಬೈನೂರು ರೂಪಾಯಿಯ ಗಿರಾಕಿಯನ್ನು ಕಂಡರೆ ಮೂಗು ಮುರಿಯುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಮತ್ತೆ, ಆ "ಆರಾಮದ ಊರು" ಯಾರಿಗೆ ಆರಾಮ ಎಂಬುದು ಬೆಳಿಗ್ಗೆ ಐದೂವರೆಗೆ ಎದ್ದು ದಡಕ್ಕೆ ಹೋದರೆ ಗೊತ್ತಾಗುತ್ತದೆ. ನಮ್ಮ ಕಡೆ ಕೈರಂಪಣಿ ಎಳೆಯುವ ಹಾಗೆ ಅಲ್ಲಿಯೂ ಹಗ್ಗದ ಎರಡು ತುದಿ ಹಿಡಿದು ಎರಡು ಸಾಲು ಜನ ಬಲೆ ಎಳೆಯುತ್ತಾರೆ. ಒಂದು ಗಂಟೆ ಎಳೆದ ಮೇಲೆ ಬಂದದ್ದು ಎರಡು ಬುಟ್ಟಿ ಸಣ್ಣ ಮೀನು, ಬೇಕಾದಷ್ಟು ಪ್ಲಾಸ್ಟಿಕ್ಕು. ಆಚೆ ದಕ್ಷಿಣಕ್ಕೆ ವಿಳಿಞ್ಞಂ ಬಂದರಿನ ಕ್ರೇನುಗಳು ಆಕಾಶಕ್ಕೆ ನಿಂತಿವೆ. 2022ರಲ್ಲಿ ಕಡಲ್ಕೊರೆತದ ಹೆಸರಿನಲ್ಲಿ ಮೀನುಗಾರರು ತಿಂಗಳುಗಟ್ಟಲೆ ಹೋರಾಟ ಮಾಡಿದ್ದು ಆ ಬಂದರಿನ ಎದುರೇ. 2025ರ ಮೇ 2ರಂದು ಪ್ರಧಾನಿ ಬಂದು ಅದನ್ನು ಉದ್ಘಾಟಿಸಿದರು. ಅದೇ ತಿಂಗಳ ಕೊನೆಗೆ ಅಲ್ಲಿಂದ ಕೊಚ್ಚಿಗೆ ಹೊರಟ ಹಡಗೊಂದು ಮುಳುಗಿ ಬಿಳಿ ಪ್ಲಾಸ್ಟಿಕ್ ಕಾಳುಗಳು ಈ ದಡದ ತನಕ ತೇಲಿ ಬಂದವು. ಕಾಲು ಚಾಚಿ ಕೂರುವವರು ಎರಡು ದಿನ ಕೂತು ಎದ್ದು ಹೋಗುತ್ತಾರೆ ಅಷ್ಟೆ. ಊರಿನವರಿಗೆ ಆ ಭಾಗ್ಯ ಇಲ್ಲ.

ಆರೂವರೆಗೆ ಮಕ್ಕಳು ಬಂದರು. ನಮಗೆ ಬೇಕಾದ ವಿಷಯ ಶುರುವಾಗುವುದು ಇಲ್ಲಿಂದ.

ಹತ್ತು-ಹನ್ನೆರಡು ಮಂದಿ. ಕೆಲವರ ತಲೆಯ ಮೇಲೆ ತಮಗಿಂತ ಉದ್ದದ ಹಲಗೆ. ಹೊಟ್ಟೆಯಡಿ ಹಲಗೆ ಇಟ್ಟು, ಕೈಯಿಂದ ನೀರು ತೋಡುತ್ತಾ ತೆರೆ ಒಡೆಯುವಲ್ಲಿಂದ ಆಚೆ ಹೋಗಿ, ಅಲ್ಲಿ ತಿರುಗಿ ಕೂತು ಕಾಯುತ್ತಾರೆ. ಎಲ್ಲಾ ತೆರೆಗೂ ಹೊರಡುವುದಿಲ್ಲ. ಒಂದು, ಎರಡು, ಮೂರು ಬಿಟ್ಟು ನಾಲ್ಕನೆಯದಕ್ಕೆ ಜೋರಾಗಿ ಕೈ ಹಾಕಿ, ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಂತು ದಡದ ತನಕ ಜಾರಿ ಬರುತ್ತಾರೆ. ಹಲಗೆ ಕಳೆದುಹೋಗದ ಹಾಗೆ ಕಾಲಿನ ಗಂಟಿಗೆ ಹಗ್ಗ. ಹಲಗೆ ಒಂದಾದರೆ ಮಕ್ಕಳು ಇಬ್ಬರು, ಆದರೂ ಜಗಳ ಕಾಣಲಿಲ್ಲ. ಒಬ್ಬನದ್ದು ಮೂರು ತೆರೆ ಆದ ಮೇಲೆ ಇನ್ನೊಬ್ಬನಿಗೆ. ಎಂಟು ಗಂಟೆಗೆ ಯಾರೋ ಒಬ್ಬ ದೊಡ್ಡ ಹುಡುಗ ಶಿಳ್ಳೆ ಹಾಕಿದ. ಎಲ್ಲರೂ ಹಲಗೆ ಹೊತ್ತು ಹೊರಟರು. ಎಲ್ಲಿಗೆ ಎಂದು ಕೇಳಿದರೆ "ಸ್ಕೂಳಿಲ್" ಎಂದರು.

ನಮ್ಮ ಶಾಲೆಗಳಲ್ಲಿ ಎಂಟು ಗಂಟೆಗೆ ಶಿಳ್ಳೆ ಹಾಕಿದರೆ ಕಡಲು ಬಿಟ್ಟು ಯಾರು ಬರುತ್ತಾರೆ? ಅಲ್ಲಿ ಬರುತ್ತಾರೆ, ಯಾಕೆಂದರೆ ಅಲ್ಲಿ ಒಂದು ಕಟ್ಟಳೆ ಇದೆ: ಶಾಲೆ ಇಲ್ಲದಿದ್ದರೆ ಸರ್ಫಿಂಗ್ ಇಲ್ಲ. ಕೋವಳಂ-ವಿಳಿಞ್ಞಂ ಕಡೆಯ ಬಡ ಮಕ್ಕಳಿಗಾಗಿ, ಮುಖ್ಯವಾಗಿ ಶಾಲೆ ಬಿಟ್ಟವರಿಗಾಗಿ, ಬೆಲ್ಜಿಯಂನವರು ಶುರುಮಾಡಿದ ಒಂದು ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ, ಸೆಬಾಸ್ಟಿಯನ್ ಇಂಡಿಯನ್ ಸೋಶಿಯಲ್ ಪ್ರಾಜೆಕ್ಟ್ಸ್ ಎಂದು ಹೆಸರು. 2005ರಲ್ಲಿ ಅದರ ಆಸರೆಯಲ್ಲಿ ಕೋವಳಂ ಸರ್ಫ್ ಕ್ಲಬ್ ಹುಟ್ಟಿತು. ಮಕ್ಕಳಿಗೆ ಹಲಗೆಗೆ ದುಡ್ಡಿಲ್ಲ, ಕಲಿಸುವುದಕ್ಕೂ ದುಡ್ಡಿಲ್ಲ. ಆದರೆ ತರಗತಿಗೆ ಹೋಗದವನಿಗೆ ಹಲಗೆ ಇಲ್ಲ. ಇಷ್ಟೇ! ಇದಕ್ಕೆ ಯಾವ ತರಬೇತಿ ಶಿಬಿರವೂ ಬೇಕಾಗಲಿಲ್ಲ, ಮಾಡ್ಯೂಲೂ ಬೇಕಾಗಲಿಲ್ಲ.

ಆ ಕ್ಲಬ್ಬಿನಲ್ಲಿ ಹಲಗೆ ಹಿಡಿದ ಹುಡುಗರಲ್ಲಿ ಒಬ್ಬರು ರಮೇಶ್ ಬೂದಿಹಾಳ. ಹೆಸರು ಕೇಳಿದ ಕೂಡಲೇ ಕಿವಿ ನಿಮಿರಿತೋ ಇಲ್ಲವೋ? ಬೂದಿಹಾಳ ಎಂಬುದು ತಿರುವಾಂಕೂರಿನ ಹೆಸರಲ್ಲ, ಅದು ನಮ್ಮ ಬಯಲುಸೀಮೆಯ ಊರಿನ ಹೆಸರು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ಪಿನಲ್ಲಿ ಅವರು ಕಂಚು ಗೆದ್ದರು. ಆ ಕೂಟದಲ್ಲಿ ಭಾರತದವರೊಬ್ಬರು ವೈಯಕ್ತಿಕ ಪದಕ ಗೆದ್ದದ್ದು ಅದೇ ಮೊದಲು. ಸರ್ಫಿಂಗ್ ಈಗ ಉಂಡಾಡಿಗಳ ಆಟ ಅಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಮೊದಲ ಬಾರಿಗೆ ಸೇರಿತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗಾಗಿ ದೂರದ ತಾಹಿತಿ ದ್ವೀಪದಲ್ಲಿ ನಡೆಯಿತು. ಕಲೋತ್ಸವದ ಗ್ರೇಸ್ ಮಾರ್ಕಿಗೆ ಹಗಲು ರಾತ್ರಿ ಓಡಾಡುವ ನಮ್ಮ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಗಣಿತದ ಟೀಚರ ಕಥೆ. ನಾಲ್ವರೂ ಕಲಿಯುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಪ್ರವಾಸಿಗಳಿಗೆ ಕಲಿಸಿ ಸಿಗುವ ದುಡ್ಡೇ ಅಲ್ಲಿಯ ಹುಡುಗರ ಜೀವನ, ಚೌಕಾಶಿ ಮಾಡಲಿಕ್ಕೂ ಮನಸ್ಸು ಬರಲಿಲ್ಲ. ಚೀಟಿ ಎತ್ತಿದೆವು, ಟೀಚರ ಹೆಸರು ಬಂತು. ಐವತ್ತರ ಹತ್ತಿರ ಪ್ರಾಯ, ಚೂಡಿದಾರದ ಮೇಲೆ ಅವರು ಕೊಟ್ಟ ಟೀಶರ್ಟು ಹಾಕಿ ನಿಂತರು. ಕಲಿಸಿದವನಿಗೆ ಹದಿನೆಂಟು-ಹತ್ತೊಂಬತ್ತು ಇರಬಹುದು. "ಪೇಡಿಕ್ಕಂಡ ಟೀಚರೇ" ಎಂದು ಹೇಳಿದವನು ನೀರಿಗೆ ಇಳಿಸುವ ಮೊದಲು ಕಾಲು ಗಂಟೆ ದಡದಲ್ಲಿ ನಿಲ್ಲಿಸಿ ಕಡಲನ್ನು ಓದಿಸಿದ. ಹೌದು, ಓದಿಸಿದ್ದೇ. ಎಲ್ಲಿ ತೆರೆ ಬಿಳಿಯಾಗಿ ಒಡೆಯುತ್ತದೆ ನೋಡಿ, ಎಲ್ಲಿ ಒಡೆಯುವುದಿಲ್ಲ ನೋಡಿ. ಎರಡು ಬಿಳಿಯ ನಡುವೆ ಒಂದು ಪಟ್ಟಿ ನೀರು ಸುಮ್ಮನೆ, ಸ್ವಲ್ಪ ಕಪ್ಪಾಗಿ ಕಾಣುತ್ತದಲ್ಲ, ಗೊತ್ತಿಲ್ಲದವರು ಅದೇ ಒಳ್ಳೆಯ ಜಾಗ ಅಂತ ಇಳಿಯುತ್ತಾರೆ. ಅದೇ ಸೆಳೆತ. ತೆರೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗುವ ದಾರಿ ಅದು. ಅದರಲ್ಲಿ ಸಿಕ್ಕಿದರೆ ದಡದ ಕಡೆ ಈಜಬಾರದು, ದೊಡ್ಡ ಈಜುಗಾರನೂ ಸೋಲುತ್ತಾನೆ. ದಡಕ್ಕೆ ಸಮವಾಗಿ, ಅಡ್ಡಕ್ಕೆ ಈಜಬೇಕು. ಸೆಳೆತದ ಅಗಲ ಕಡಿಮೆ, ಅದರಿಂದ ಹೊರಗೆ ಬಂದ ಮೇಲೆ ತೆರೆಯೇ ದಡಕ್ಕೆ ತರುತ್ತದೆ. ಈಜಲಿಕ್ಕೆ ಆಗದಿದ್ದರೆ ಮಲಗಿ ತೇಲಿ, ಕೈ ಎತ್ತಿ ಕರೆಯಿರಿ.

ಕಡಲ ಬದಿಯ ಜಿಲ್ಲೆಯಲ್ಲಿ ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಈ ಪಾಠವನ್ನು ನಾವು ಕಂಡಿಲ್ಲ. ಕರ್ಕಾಟಕ ವೃತ್ತ ಎಲ್ಲಿ ಹಾದುಹೋಗುತ್ತದೆ ಎಂದು ನಮ್ಮ ಮಕ್ಕಳು ಹೇಳಬಲ್ಲರು. ಮನೆಯ ಎದುರಿನ ನೀರು ಎತ್ತ ಹರಿಯುತ್ತದೆ ಎಂದು ಕೇಳಬೇಡಿ! (ಟೀಚರು ಏಳನೆಯ ಸಲಕ್ಕೆ ಎದ್ದು ನಿಂತರು. ಎಷ್ಟು ಹೊತ್ತು ನಿಂತರು ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ಇದೆ.)

ಮಧ್ಯಾಹ್ನ ದಡದಲ್ಲಿ ಕೂತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. ಹೆಗಲ ತುಂಬಾ ಬಣ್ಣದ ಪಂಚೆ, ದುಪ್ಪಟಿ ಹೊತ್ತ ಒಬ್ಬ ಹೆಂಗಸು, ಜೊತೆಗೆ ಮಣಿಸರದ ಗೊಂಚಲು ಹಿಡಿದ ಹತ್ತು ವರ್ಷದ ಹುಡುಗ. ನಾವು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವರಿಗೆ ಆಶ್ಚರ್ಯ. "ಯಾವೂರ್ರೀ ನಿಮ್ದು?" ಕಾಸರಗೋಡು ಎಂದೆವು. "ಅದು ಕೇರಳದಾಗ ಐತಲ್ರೀ? ಮತ್ತ ಕನ್ನಡ ಹೆಂಗ್ ಬರ್ತದ್ರೀ ನಿಮಗ?" ಎಪ್ಪತ್ತು ವರ್ಷದಿಂದ ನಾವು ಈ ಪ್ರಶ್ನೆಗೆ ಉತ್ತರ ಕೊಡುತ್ತಾ ಬಂದಿದ್ದೇವೆ, ಗದಗದ ಕಡೆಯ ಈ ತಾಯಿಗೂ ಕೊಟ್ಟೆವು. ಸುಗ್ಗಿ ಮುಗಿದ ಮೇಲೆ ಬರುತ್ತಾರಂತೆ, ಸೀಜನ್ ಮುಗಿಯುವ ತನಕ ಇಲ್ಲಿ, ಆಮೇಲೆ ಊರು. ಹುಡುಗನ ವ್ಯಾಪಾರ ನೋಡಿ ನಾವು ದಂಗಾದೆವು. ನಮ್ಮ ಹತ್ತಿರ ಕನ್ನಡ, ಲೈಫ್‌ಗಾರ್ಡಿನ ಹತ್ತಿರ ಮಲಯಾಳ, ದೆಹಲಿಯವರ ಹತ್ತಿರ ಹಿಂದಿ, ಬಿಳಿಯರ ಹತ್ತಿರ ಇಂಗ್ಲಿಷು. ರಷ್ಯಾದವರು ಬಂದರೆ ಅದೀನ್, ದ್ವಾ, ತ್ರೀ ಎಂದು ಬೆರಳು ಮಡಚಿ ಲೆಕ್ಕ. "ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಕನ್ನಡ ಆದರೆ ಮಗುವಿಗೆ ಬೇರೆ ಭಾಷೆ ಹತ್ತುವುದಿಲ್ಲ" ಎಂದು ಎಲ್.ಕೆ.ಜಿ. ವ್ಯಾನಿಗೆ ಮಗುವನ್ನು ಹತ್ತಿಸುವ ನಮ್ಮ ನೆರೆಕರೆಯ ವಿದ್ಯಾವಂತರನ್ನು ಆ ಹುಡುಗನ ಎದುರು ತಂದು ನಿಲ್ಲಿಸಬೇಕಿತ್ತು.

ಆದರೆ ಬಿಲ್ಲಿನ ಹಿಂದೆ ಅವನ ಹೆಸರು ಬರೆಯಲಿಕ್ಕೆ ಪೆನ್ನು ಕೊಟ್ಟರೆ ಹಿಂದೆ ಸರಿದ. ಐದು ಭಾಷೆ ಬಾಯಲ್ಲಿದೆ, ಒಂದೂ ಕೈಗೆ ಬರುವುದಿಲ್ಲ.

ಯಾವ ಶಾಲೆ ಎಂದು ಕೇಳಿದಾಗ ತಾಯಿ ಹೇಳಿದ್ದು: "ಊರಾಗ ಸಾಲ್ಯಾಗ ಹೆಸರ್ ಐತ್ರಿ. ಸೀಜನ್ ಮುಗದ್ ಮ್ಯಾಲ ಹೊಕ್ಕಾನ." ಹಾಗಾದರೆ ಹಲಗೆ ಹತ್ತಿದ್ದೀಯಾ ಎಂದು ಹುಡುಗನನ್ನು ಕೇಳಿದೆವು. ಅವನು ಕಡಲನ್ನು ನೋಡುತ್ತಾ ಹೇಳಿದ: "ಒಮ್ಮೆ ನಿಂತೇನ್ರಿ. ಸಾಲಿಗ್ ಬಂದ್ರಷ್ಟ ದಿನಾ ಕೊಡ್ತೀವಂತಾರ. ಅವ್ವಗ ಹೇಳೇನಿ, ಈ ಸಲ ನಾ ಇಲ್ಲೇ ಸಾಲಿಗ್ ಹೊಕ್ಕೇನಂತ."

ಓದುಗರೇ, ಈ ಮಾತನ್ನು ಇನ್ನೊಮ್ಮೆ ಓದಿ. ಒಂದು ಹಲಗೆಗಾಗಿ ಹತ್ತು ವರ್ಷದ ಹುಡುಗ ತಾಯಿಯ ಹತ್ತಿರ ಶಾಲೆಗೆ ಸೇರಿಸು ಎಂದು ಹಟ ಹಿಡಿದಿದ್ದಾನೆ. ನಮ್ಮ ಶಾಲೆಗೆ ಸೇರಲೇಬೇಕು ಎಂದು ಹಟ ಹಿಡಿದ ಮಗುವನ್ನು ನೀವು ಕೊನೆಗೆ ಕಂಡದ್ದು ಯಾವಾಗ?

(ಇನ್ನೊಂದು ಮಾತು ಬಾಯಿಗೆ ಬಂತು, ಹೇಳಿಯೇಬಿಡುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕು ಎಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು. ನಮ್ಮ ಪ್ರತಿ ಮನವಿಯ ಮೊದಲ ಪುಟದಲ್ಲಿ ಅದು ಇರುತ್ತದೆ. ಕೋವಳಂ ದಡದಲ್ಲಿ ಮಣಿಸರ ಮಾರುವ ಈ ಹುಡುಗ ಕೇರಳದ ಕನ್ನಡ ಮಗು ಹೌದೋ ಅಲ್ಲವೋ? ಗಡಿನಾಡು ಎಂದು ಭಾಷಣ ಮಾಡುವ ಸಂಘಟನೆಗಳು, ಎರಡೂ ಕಡೆಯವರು, ಉತ್ತರ ಕೊಡಲಿ.)

ಈಗ ನಮ್ಮಲ್ಲಿ ಏನು ನಡೆಯುತ್ತದೆ ನೋಡೋಣ. ಮೇ ತಿಂಗಳ ಬಿಸಿಲಿಗೆ ನಾವು ಅಧ್ಯಾಪಕರು ಮನೆ ಮನೆ ಹತ್ತಿ ಇಳಿಯುತ್ತೇವೆ. "ಬ್ಯಾಗು ನಾವು ಕೊಡುತ್ತೇವೆ, ಕೊಡೆ ಕೊಡುತ್ತೇವೆ, ವ್ಯಾನಿನ ಬಾಡಿಗೆ ನಮ್ಮದೇ, ಮಗುವನ್ನು ನಮ್ಮ ಶಾಲೆಗೆ ಕಳಿಸಿ." ಜೂನಿನಲ್ಲಿ ಆರನೆಯ ಕೆಲಸದ ದಿನದ ತಲೆ ಎಣಿಕೆ. ಅಷ್ಟರ ತನಕ ಎದೆ ಡವಡವ. ಹದಿನೈದು ತುಂಬದಿದ್ದರೆ "ಲಾಭದಾಯಕವಲ್ಲದ ಶಾಲೆ" ಎಂಬ ಹಣೆಪಟ್ಟಿ. ಡಿವಿಷನ್ ಹೋದರೆ ಹುದ್ದೆ ಹೋಯಿತು. ನಾವು ಕೊಟ್ಟ ಕೊಡೆಯಡಿಯಲ್ಲೇ ಮಗು ಮರುವರ್ಷ ಇಂಗ್ಲಿಷ್ ಮಾಧ್ಯಮದ ಬಸ್ಸಿಗೆ ಕಾಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇದಕ್ಕೆ ನಮ್ಮ ಆಡಳಿತದವರು, ಪಿ.ಟಿ.ಎ.ಯವರು ಕಂಡುಕೊಂಡ ಮದ್ದು ಏನು? ಇನ್ನೂ ದೊಡ್ಡ ಕೊಡೆ! ಇಲ್ಲವೇ ಕನ್ನಡ ಶಾಲೆಯೊಳಗೇ ಒಂದು ಇಂಗ್ಲಿಷ್ ಡಿವಿಷನ್.

ಕೊಡೆ ಹೆತ್ತವರಿಗೆ ಕೊಡುವ ಲಂಚ. ಮಗುವಿಗೆ ನಾವು ಏನು ಕೊಟ್ಟಿದ್ದೇವೆ? ಕೋವಳಂನಲ್ಲಿ ಅವರು ಮಗುವನ್ನು ನೇರ ಹಿಡಿದರು, ಬಿಟ್ಟಿರಲಾರದಂಥ ಒಂದು ವಸ್ತುವನ್ನು ತೋರಿಸಿ ಅದರ ಬಾಗಿಲಲ್ಲಿ ಶಾಲೆಯನ್ನು ಇಟ್ಟರು. ನಮ್ಮಂಥ ಸಣ್ಣ ಶಾಲೆಗಳಲ್ಲಿ ಆಟ ಕಲಿಸುವ ಅಧ್ಯಾಪಕರೇ ಇಲ್ಲ. ಮೈದಾನ ಇರುವ ಕಡೆ ಅದರ ಅರ್ಧಕ್ಕೆ ಸಭಾಂಗಣ ಎದ್ದಿದೆ. ಆದರೆ ಮಂಜೇಶ್ವರದಿಂದ ಉಪ್ಪಳ, ಕುಂಬಳೆ, ಮೊಗ್ರಾಲ್ ತನಕ ಎಷ್ಟೋ ಶಾಲೆಗಳಿಗೆ ಕಡಲು ಕೂಗಳತೆಯಲ್ಲಿದೆ, ಯಾವ ಪಂಚಾಯತೂ ಕಸಿಯಲಾರದ ಮೈದಾನ. ಅದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಕಡಲ್ಕೊರೆತಕ್ಕೆಂದು ಸುರಿದ ಕಲ್ಲಿನ ತಡೆಗೋಡೆ ಒಂದು, "ಕಡಲಿಗೆ ಹೋದರೆ ಜಾಗ್ರತೆ" ಎಂಬ ಮಾಷ್ಟ್ರ ಬೆತ್ತ ಇನ್ನೊಂದು. ಎರಡು ಗೋಡೆಗಳ ಈಚೆ ನಮ್ಮ ಮಕ್ಕಳು.

"ಮುಳುಗಿ ಸತ್ತರೆ ಯಾರು ಹೊಣೆ?" ಎಂಬ ಪ್ರಶ್ನೆ ಈಗ ಬರುತ್ತದೆ, ಬರಬೇಕಾದದ್ದೇ. ಸುಳ್ಳು ಭಯ ಅಲ್ಲ ಅದು. ಪ್ರತಿ ಬೇಸಿಗೆ ರಜೆಯಲ್ಲಿ ಹೊಳೆಗೆ, ಕೆರೆಗೆ, ಕಡಲಿಗೆ ಹೋದ ಮಕ್ಕಳ ಫೋಟೋ ಪೇಪರಿನಲ್ಲಿ ನೋಡಿ ನಾವೂ ಅತ್ತಿದ್ದೇವೆ. ಆದರೆ ಆ ಮಕ್ಕಳು ಮುಳುಗಿದ್ದು ಯಾರಾದರೂ ಈಜು ಕಲಿಸಿದ್ದರಿಂದಲಾ? ಹೋಗಬೇಡಿ ಎಂದು ಹೇಳಿದವರೇ ಎಲ್ಲರೂ, ಹೋದರೆ ಏನು ಮಾಡಬೇಕು ಎಂದು ಹೇಳಿದವರು ಯಾರೂ ಇಲ್ಲ. ಕೋವಳಂ ದಡದಲ್ಲಿ ಕೆಂಪು ಬಾವುಟ ಹಾಕಿದ್ದಾರೆ, ಲೈಫ್‌ಗಾರ್ಡು ಇದ್ದಾರೆ, ಮಳೆಗಾಲದಲ್ಲಿ ಕಡಲು ಕೆರಳಿದಾಗ ನೀರಿಗೆ ಇಳಿಯಲಿಕ್ಕೆ ಬಿಡುವುದಿಲ್ಲ. ಅಷ್ಟೆಲ್ಲ ಇದ್ದೂ ಅಲ್ಲಿಯ ಹುಡುಗರು ಮೊದಲು ಕಲಿಯುವುದು ಸೆಳೆತವನ್ನು. ನಮ್ಮ ದಡಗಳಲ್ಲಿ ಬಾವುಟವೂ ಇಲ್ಲ, ಪಾಠವೂ ಇಲ್ಲ. ಅಪಾಯ ಯಾವುದರಲ್ಲಿ ಹೆಚ್ಚು, ನೀವೇ ಹೇಳಿ.

"ಅದು ಫಾರಿನಿನವರು ದುಡ್ಡು ಸುರಿದು ಮಾಡಿದ್ದು, ನಮ್ಮಂಥವರಿಗೆ ಅಲ್ಲ" ಎನ್ನುವವರು ತಿರುವನಂತಪುರದ ತನಕ ಹೋಗುವುದು ಬೇಡ, ಉತ್ತರಕ್ಕೆ ಮುಖ 

ಮಾಡಿ. ಕಾಸರಗೋಡಿನಿಂದ ನೂರು ಕಿಲೋಮೀಟರೂ ಇಲ್ಲದ ಮೂಲ್ಕಿಯಲ್ಲಿ ಜಾಕ್ ಹೆಬ್ನರ್ ಎಂಬ ಅಮೆರಿಕದ ಸನ್ಯಾಸಿ ಆಶ್ರಮ ಕಟ್ಟಿ, 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ಶುರು ಮಾಡಿದವರು ಹೊರಗಿನವರೇ, ಒಪ್ಪುತ್ತೇವೆ. ಆದರೆ ಈಗ ಅಲ್ಲಿ ತೆರೆ ಹತ್ತುವವರಲ್ಲಿ ತುಳು, ಕನ್ನಡ ಮಾತಾಡುವ ಕಡಲ ಬದಿಯ ಮಕ್ಕಳಿದ್ದಾರೆ. 2024ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆದದ್ದು ಪಕ್ಕದ ಸಸಿಹಿತ್ಲಿನಲ್ಲಿ. ಕಡಲು ಅದೇ, ತೆರೆ ಅದೇ, ಭಾಷೆಯೂ ಅದೇ. ಮಧ್ಯೆ ತಲಪಾಡಿಯ ಗೇಟು ಒಂದು ಬಿಟ್ಟರೆ ವ್ಯತ್ಯಾಸ ಏನು?

"ಇದರಿಂದ ಕನ್ನಡಕ್ಕೆ ಏನು ಉಪಕಾರ?" ಎಂದು ಕೇಳುವ ಪಂಡಿತರಿಗೆ ಒಂದೇ ಉತ್ತರ. ಮಗು ಇದ್ದರೆ ತಾನೇ ಕನ್ನಡ? ಸೆಳೆತ, ಅಳಿವೆ, ತೆರೆ, ಇಳಿತ, ಭರತ, ಬಲೆಯ ಹತ್ತು ಹೆಸರು, ಗಾಳಿಯ ನಾಲ್ಕು ಹೆಸರು, ಇವೆಲ್ಲ ಮೊಗವೀರ ಅಜ್ಜಂದಿರ ಬಾಯಲ್ಲಿ ಇನ್ನೂ ಇವೆ. ತರಗತಿಯ ಕಪ್ಪುಹಲಗೆಗೆ ಅವು ಬಂದದ್ದೇ ಇಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಸರ್ಫ್ ಹಲಗೆಯೂ ಈಗಲೇ ಬೇಡ. ಶನಿವಾರ ಬೆಳಿಗ್ಗೆ ಎರಡು ಗಂಟೆ, ನಾಲ್ಕನೆಯ ತರಗತಿಯಿಂದ ಮೇಲಿನವರಿಗೆ, ಮೊದಲು ಹೊಳೆಯ ಹಿನ್ನೀರಿನಲ್ಲಿ ಈಜು. ಹತ್ತು ಮಕ್ಕಳಿಗೆ ಇಬ್ಬರು ಈಜು ಬಲ್ಲ ದೊಡ್ಡವರು. ಹಗ್ಗ, ಗಾಳಿ ತುಂಬಿದ ಟ್ಯೂಬು, ಹೆತ್ತವರ ಸಹಿ. ವಾರವಿಡೀ ಶಾಲೆಗೆ ಬಂದವರಿಗೆ ಮಾತ್ರ ಶನಿವಾರದ ನೀರು, ಕೋವಳಂನ ಕಟ್ಟಳೆಯೇ. ಈಜು ಬಂದವರನ್ನು ಮಳೆಗಾಲ ಕಳೆದ ಮೇಲೆ ದಡಕ್ಕೆ ಕರೆದುಕೊಂಡು ಹೋಗಿ ಸೆಳೆತದ ಪಾಠ. ಒಂದು ವರ್ಷ ಕೊಡೆ ಹಂಚುವ ದುಡ್ಡಿನಲ್ಲಿ ಇದಿಷ್ಟೂ ಆಗುತ್ತದೆ, ನಾವು ಲೆಕ್ಕ ಹಾಕಿ ಪಿ.ಟಿ.ಎ.ಗೆ ಕೊಟ್ಟಿದ್ದೇವೆ.

ಸಭೆಯಲ್ಲಿ ಈ ಚೀಟಿ ಓದಿದಾಗ ಮುಂದಿನ ಸಾಲಿನ ಕುರ್ಚಿಗಳಲ್ಲಿ ನಗು. ಹಿಂದೆ ಕಂಬದ ಹತ್ತಿರ ನಿಂತಿದ್ದ ಒಬ್ಬ ತಂದೆ, ದೋಣಿಯವರು, ಎರಡನೆಯ ಮಗಳನ್ನು ನಮ್ಮಲ್ಲಿಗೆ ಹಾಕಬೇಕೋ ಬೇಡವೋ ಎಂದು ತೂಗುತ್ತಿದ್ದವರು, ಕೈ ಎತ್ತಿ ಕೇಳಿದರು: "ಹುಡುಗಿಯರಿಗೂ ಉಂಟಾ ಮಾಷ್ಟ್ರೇ?" ಉಂಟು ಎಂದೆವು. "ಹಾಗಾದರೆ ನೀರಿನಲ್ಲಿ ನಿಲ್ಲಲಿಕ್ಕೆ ನಾನು ಬರುತ್ತೇನೆ, ನನ್ನ ತಮ್ಮನೂ ಬರ್ತಾನೆ. ದುಡ್ಡು ಬೇಡ. ಚೌತಿ ಕಳೆಯಲಿ." ಈಗ ಇಬ್ಬರಾದರು. ಇನ್ನೂ ನಾಲ್ವರು ಬೇಕು. ಈಜು ಬಲ್ಲವರು ಜೂನ್ ಆರಂಭದ ಒಳಗೆ ಶಾಲೆಗೆ ಬಂದು ಹೆಸರು ಕೊಡಿ.